ಗಂಟಲು ಕಟ್ಟಿದ ಹತ್ತು ದಿನ, ಬಿಟ್ಟುಹೋಗಿದ್ದ ಓದು

ನಡುವಿನವಳು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಉದ್ದ ಆಗತ್ತೆ, ಸಹಿಸ್ಕೊಳ್ಳಿ. ಹತ್ತು ದಿನದಿಂದ ಬಾಯಿ ಬಿಟ್ಟಿಲ್ಲ, ಆ ಬಾಕಿಯೆಲ್ಲ ಇಲ್ಲಿ ತೀರಿಸ್ತಿದೀನಿ.

ನಾನು ದುಭಾಷಿ. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ನಡುವೆ ಹನ್ನೊಂದು ವರ್ಷದಿಂದ ಓಡಾಡ್ತಿದೀನಿ. ಕರೆದ ಕಡೆ ಹೋಗೋದು: ಇವತ್ತು ಆಸ್ಪತ್ರೆ, ನಾಳೆ ಕೋರ್ಟು, ಇನ್ನೊಂದು ದಿನ ಯಾವುದೋ ಕಾರ್ಯಾಗಾರ. ಕಾರ್ತಿಕದ ಕೊನೆಯಲ್ಲಿ ಒಂದು ರೈತರ ಸಭೆ ಇತ್ತು. ಹೊರದೇಶದ ಮಣ್ಣು ತಜ್ಞರೊಬ್ಬರು, ಎದುರಿಗೆ ಇನ್ನೂರು ರೈತರು, ಮೇಲೆ ಶಾಮಿಯಾನ. ಮೊದಲ ದಿನ ಹನ್ನೊಂದಕ್ಕೆಲ್ಲ ಮೈಕು ಕೈಕೊಟ್ಟಿತು. ಎರಡು ದಿನ ಕೂಗಿಕೊಂಡೇ ಭಾಷಾಂತರ ಮಾಡಿದೆ. ಮೂರನೇ ದಿನ ಎದ್ದರೆ ಹೊರಗೆ ಮಂಜು, ಜಿನುಗು ಮಳೆ. ಹಾಲಿನವನಿಗೆ "ಎರಡು ಪ್ಯಾಕೆಟ್" ಅನ್ನೋಕೆ ಬಾಯಿ ತೆಗೆದೆ, ಬರೀ ಗಾಳಿ ಬಂತು.

ಇಎನ್‌ಟಿ ಡಾಕ್ಟ್ರು ನೋಡಿದ್ರು. ಹತ್ತು ದಿನ ಮಾತಾಡಬೇಡಿ, ಪಿಸುಮಾತೂ ಬೇಡ, ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ತ್ರಾಸ ಅಂದ್ರು. ನಮ್ಮ ಕೆಲಸದಲ್ಲಿ ಇದಕ್ಕೆ ಸಂಬಳದ ರಜೆ ಅಂತೇನೂ ಇಲ್ಲ. ಬಾಯಿ ಮುಚ್ಚಿದರೆ ಅಂಗಡಿ ಮುಚ್ಚಿದ ಹಾಗೆ.

ಮನೇಲಿ ಅತ್ತೆ, ನಾನು, ಒಂದು ಸ್ಲೇಟು. ಎರಡನೇ ದಿನ ಬೀದಿಯಲ್ಲಿ ಅವರೆಕಾಯಿ ಗಾಡಿ ಬಂತು. ನಾನು ಸ್ಲೇಟಲ್ಲಿ ಬರೆದದ್ದು "ಅರ್ಧ ಕೆಜಿ ಸಾಕು". ಅತ್ತೆ ಗೇಟಿಗೆ ಹೋಗಿ ಅವನಿಗೆ ಹೇಳಿದ್ದು: "ಸೊಗಡೇ ಇಲ್ಲ ಅಂತಾಳೆ ನಮ್ಮ ಸೊಸೆ. ರೇಟು ಇಳಿಸಿದ್ರೆ ಎರಡು ಕೆಜಿ ತಗೊಳ್ತಾಳಂತೆ." ಅವನು ಕಿಟಕಿ ಕಡೆ ತಿರುಗಿ ನನ್ನನ್ನು ನೋಡಿದ ನೋಟ ಇದೆಯಲ್ಲ! ನಾನು ಕೈ ಆಡಿಸಿ ಅಲ್ಲ ಅಲ್ಲ ಅಂದೆ. "ನೋಡು, ಬೇಡವೇ ಬೇಡ ಅಂತಿದಾಳೆ" ಅಂದ್ರು ಅತ್ತೆ. ಐದು ರೂಪಾಯಿ ಇಳೀತು. ನನ್ನ ಮಾತು ಇನ್ನೊಬ್ಬರ ಬಾಯಲ್ಲಿ ಹೋದ್ರೆ ಹೆಂಗಿರತ್ತೆ ಅಂತ ನನಗೆ ಗೊತ್ತಾಗಿದ್ದು ಅವತ್ತು. ಮಧ್ಯಾಹ್ನವೆಲ್ಲ ಎರಡು ಕೆಜಿ ಅವರೆಕಾಯಿ ಬಿಡಿಸಿದ್ದಾಯ್ತು, ಮರುದಿನ ಹಿತಕಿದ ಬೇಳೆ ಸಾರು.

ಈಗ ಓದಿನ ವಿಷಯ. ಕಾಲೇಜಿನ ದಿನಗಳಲ್ಲಿ ವಾರಕ್ಕೊಂದು ಕಾದಂಬರಿ ಮುಗಿಸ್ತಿದ್ದವಳು ನಾನು. ಈ ಕೆಲಸಕ್ಕೆ ಬಂದಮೇಲೆ ನಿಧಾನಕ್ಕೆ ಬಿಟ್ಟುಹೋಯ್ತು. ಟೈಮಿಲ್ಲ ಅಂತ ಎಲ್ಲರಿಗೂ ಹೇಳ್ತಿದ್ದೆ, ಅದು ಸುಳ್ಳು. ಕೋರ್ಟಿನಲ್ಲಿ ಹನ್ನೆರಡು ನಿಮಿಷದ ಕೆಲಸಕ್ಕೆ ಐದು ಗಂಟೆ ಬೆಂಚಲ್ಲಿ ಕೂತಿರ್ತೀವಿ. ನಿಜವಾದ ಕಾರಣ ಬೇರೆ. ಕನ್ನಡದ ಒಂದು ಸಾಲು ಓದ್ತೀನಿ, ಅದು ಮುಗಿಯೋ ಮೊದಲೇ ತಲೆಯೊಳಗೆ ಅದರ ಹಿಂದಿ ಶುರುವಾಗಿರತ್ತೆ. ಎರಡು ಪುಟಕ್ಕೆ ಸುಸ್ತು. ಒಂದು ಕಥೆ ಓದಿದ ಹಾಗಲ್ಲ, ಒಂದು ಪಾಳಿ ಮುಗಿಸಿದ ಹಾಗೆ.

ಈ ಹತ್ತು ದಿನದಲ್ಲಿ ಅಪ್ಪನ ಟ್ರಂಕಿನಿಂದ ಒಂದು ಹಳೇ ಕಾದಂಬರಿ ತೆಗೆದೆ. ಹೆಸರು ಹೇಳಲ್ಲ, ಹೇಳಿದ್ರೆ ಚರ್ಚೆ ಪೂರ್ತಿ ಆ ಲೇಖಕರು ಎಡವೋ ಬಲವೋ ಅನ್ನೋ ಕಡೆ ಹೋಗತ್ತೆ, ನಿಮ್ಮನ್ನೆಲ್ಲ ಬಲ್ಲೆ. ಮೊದಲ ದಿನ ಓದುವಾಗ ಅತ್ತೆ ಬಂದು ನನ್ನ ತುಟಿ ಮೇಲೆ ಬೆರಳಿಟ್ಟರು. "ಏನು ಗೊಣಗ್ತಿದೀಯ? ಡಾಕ್ಟ್ರು ಬೇಡ ಅಂದಿಲ್ವಾ?" ನನ್ನ ತುಟಿ ಅಲ್ಲಾಡ್ತಿತ್ತು, ಅದೂ ಹಿಂದಿಯಲ್ಲಿ! ನನಗೇ ಗೊತ್ತಿರಲಿಲ್ಲ.

ಇದು ನನಗೊಬ್ಬಳಿಗೇನಾ? ಇಲ್ಲಿ ಬೇರೆ ದುಭಾಷಿಗಳಿದ್ರೆ ಹೇಳಿ. ದುಭಾಷಿ ಅಲ್ಲದವರೂ ಹೇಳಿ.

ಕೆಲಗೇರಿ ಕೆರಿ (ಧಾರವಾಡ)

ತಂಗಿ, ನಿಮ್ಮ ಅತ್ತಿಯವರಿಗೆ ನನ್ನ ಸಾಷ್ಟಾಂಗ ನಮಸ್ಕಾರ ಹೇಳ್ರಿ. ಅವರು ಸರ್ಕಾರದಾಗ ಇರಬೇಕಿತ್ತು.

ನಾ ಬ್ಯಾಂಕಿನ್ಯಾಗ ಇದ್ದಾಂವ, ದುಭಾಷಿ ಅಲ್ಲ. ಆದ್ರ ಮೂವತ್ತು ವರ್ಷ ಕೌಂಟರಿನ್ಯಾಗ ಕೂತು ಬರೇ ಅಂಕಿ ಓದಿ ಓದಿ ನನಗೂ ಹಂಗ ಆಗಿತ್ತು. ಪುಸ್ತಕ ತಗದ್ರ ಮೊದಲ ಪುಟದ ನಂಬರ್ ನೋಡಾವ, ಕಡೀ ಪುಟದ ನಂಬರ್ ನೋಡಾವ, ಮನಸ್ಸಿನ್ಯಾಗ ವಜಾಬಾಕಿ ಮಾಡಾವ. ರಿಟೈರ್ ಆಗಿ ಎರಡು ಥಂಡಿ ಕಳದ ಮ್ಯಾಲೆ ಬಿಡ್ತು ಆ ಚಟ.

ಇನ್ನೊಂದು ಮಾತು. ನಮ್ಮ ಕಡೆಯವರು ಬೆಂಗಳೂರು ದವಾಖಾನಿಗೆ ಬಂದು "ಆರಾಮ ಇಲ್ರಿ" ಅಂದ್ರ ನಿಮ್ಮಲ್ಲಿ ಏನಂತ ಹೇಳ್ತೀರಿ? ನಮ್ಮ ಅಣ್ಣನ ಮಗ ಹೇಳ್ತಿದ್ದ, ಅಲ್ಲೆ ಒಬ್ಬಾಕಿ ನರ್ಸ್ "ಆರಾಮ ಇಲ್ವಾ? ಹಂಗಾದ್ರೆ ಸ್ವಲ್ಪ ರೆಸ್ಟ್ ಮಾಡಿ" ಅಂತ ಹೇಳಿ ಕಳಿಸಿದ್ಲಂತ. ಜ್ವರ 103 ಇತ್ತು.

ನಡುವಿನವಳು

ಕೆರೆಯವರೇ, ನಕ್ಕರೂ ಗಂಟಲು ನೋಯತ್ತೆ, ಕರುಣೆ ಇರಲಿ.

ಹೌದು, "ಆರಾಮ ಇಲ್ಲ" ಅಂದ್ರೆ ನಿಮ್ಮ ಕಡೆ ಕಾಯಿಲೆ. ನಮ್ಮ ಕಡೆ ಅಷ್ಟು ಗಟ್ಟಿ ಅಲ್ಲ. "ಮುಂಜಾನೆ" ಇನ್ನೊಂದು. ನಿಮ್ಮವರು ಮುಂಜಾನೆ ಗುಳಿಗೆ ತಗೊಂಡೆ ಅಂದ್ರೆ ಅದು ಒಂಬತ್ತು ಗಂಟೆಯೂ ಇರಬಹುದು, ಇಲ್ಲಿಯ ಡಾಕ್ಟ್ರು ನಸುಕಿಗೆ ಅಂದ್ಕೊಳ್ತಾರೆ. ಕನ್ನಡದಿಂದ ಕನ್ನಡಕ್ಕೇ ದುಭಾಷಿ ಬೇಕು ಅಂತ ನಾನು ತಮಾಷೆಗೆ ಹೇಳ್ತಿಲ್ಲ. ಎಷ್ಟೋ ಸಲ ಅದೇ ಕೆಲಸ ಮಾಡಿದೀನಿ.

ಕೈಮಾತು (ಮೈಸೂರು)

ಅಕ್ಕಾ, ನಿಮಗೊಬ್ಬರಿಗೇ ಅಲ್ಲ. ನಾನು ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್. ಕಿವುಡರ ಜತೆ, ಕಾಲೇಜು ತರಗತಿ, ಮೀಟಿಂಗು, ಒಂದೊಂದು ಸಲ ಪೊಲೀಸ್ ಠಾಣೆ.

ನನಗೆ ತುಟಿ ಅಲ್ಲ, ಕೈ. ಪುಸ್ತಕ ಹಿಡಿದ್ರೆ ಎಡಗೈ ಬೆರಳುಗಳು ಪುಟದ ಹಿಂದೆ ತಾವೇ ಅಲ್ಲಾಡ್ತವೆ. ಒಂದು ಸಲ ಬಸ್ಸಲ್ಲಿ ಪಕ್ಕದ ಅಜ್ಜಿ "ಏನಪ್ಪಾ, ಜಪ ಮಾಡ್ತಿದೀಯ?" ಅಂತ ಕೇಳಿದ್ರು. ಹೂಂ ಅಂದೆ.

ನಮ್ಮಲ್ಲಿ ಇಬ್ಬರು ಇದ್ರೆ ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಯಿಸ್ತೀವಿ. ಕೈ ನೋವು ಅಂತ ಜನ ಅಂದ್ಕೊಳ್ತಾರೆ. ಮೊದಲು ಸೋಲೋದು ತಲೆ. ಇಪ್ಪತ್ತು ನಿಮಿಷ ಆದಮೇಲೆ ತಪ್ಪು ಮಾಡ್ತಿದೀವಿ ಅನ್ನೋದೇ ನಮಗೆ ಗೊತ್ತಾಗಲ್ಲ. ಮೈಸೂರಲ್ಲಿ ಒಬ್ಬನೇ ಎರಡು ಗಂಟೆ ನಿಂತದ್ದಿದೆ. ಅವತ್ತು ಮನೆಗೆ ಬಂದು ಅಮ್ಮ ಊಟಕ್ಕೆ ಏನು ಅಂದ್ರೂ ಅರ್ಥ ಆಗ್ಲಿಲ್ಲ.

ಇನ್ನೊಂದು ಕಷ್ಟ. ಪಾಠದಲ್ಲಿ ಬರೋ ಎಷ್ಟೋ ಪದಕ್ಕೆ ಸಂಜ್ಞೆನೇ ಇರಲ್ಲ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಕೇಂದ್ರ ಶುರುವಾಗಿದ್ದೇ 2015ರಲ್ಲಿ, ಅವರ ನಿಘಂಟು ಹತ್ತು ಸಾವಿರ ಪದ ಮುಟ್ಟಿದ್ದು 2021ರಲ್ಲಿ. ಉಳಿದದ್ದನ್ನ ನಾವು, ವಿದ್ಯಾರ್ಥಿಗಳು ಕೂತು ಒಪ್ಪಂದ ಮಾಡ್ಕೊಳ್ತೀವಿ: ಈ ಸೆಮಿಸ್ಟರಿಗೆ ಇದು "ದ್ಯುತಿಸಂಶ್ಲೇಷಣೆ", ಸರಿನಾ? ಹಾಗಾಗಿ ಯಾವುದೇ ಪುಸ್ತಕ ತೆಗೆದರೂ ಕಣ್ಣು ಮೊದಲು ಹುಡುಕೋದು ಸಂಜ್ಞೆ ಇಲ್ಲದ ಪದವನ್ನ. ಕಥೆ ಎಲ್ಲೋ ಹೋಗಿರತ್ತೆ.

ನಾನು ಮತ್ತೆ ಓದಲು ಕಲಿತದ್ದು ಪದ್ಯದಿಂದ, ಅಕ್ಕಾ. ಚಿಕ್ಕದು. ಅದನ್ನ ಕೈಗೆ ತರೋಕೆ ಆಗಲ್ಲ ಅಂತ ಕೈಗೂ ಗೊತ್ತಾಗಿ ಸುಮ್ಮನಾಗತ್ತೆ.

ಖಾರಾಬಾತ್

ಕ್ಷಮಿಸಿ, ನನಗಿದು ಸ್ವಲ್ಪ ಜಾಸ್ತಿ ಆಯ್ತು ಅನ್ಸತ್ತೆ. ಓದು ಬಿಟ್ಟವರು ನೀವೊಬ್ಬರೇ ಅಲ್ಲ ಮೇಡಂ. ಸಾಫ್ಟ್‌ವೇರ್‌ನವರು ಬಿಟ್ಟಿದಾರೆ, ಮೇಷ್ಟ್ರುಗಳೇ ಬಿಟ್ಟಿದಾರೆ. ಕಾರಣ ಕೈಯಲ್ಲಿರೋ ಮೊಬೈಲು. ಹತ್ತು ದಿನ ಕೆಲಸವಿಲ್ಲದೆ ಮನೇಲಿ ಕೂತರೆ ಯಾರು ಬೇಕಾದ್ರೂ ಓದ್ತಾರೆ. ಇದಕ್ಕೆ ದುಭಾಷಿ ಅನ್ನೋ ಬಣ್ಣ ಯಾಕೆ? ಎರಡು ಭಾಷೆ ತಲೇಲಿ ಇರೋದು ಈ ಊರಲ್ಲಿ ಆಟೋದವರಿಗೂ ಇದೆ, ಅವರಿಗೆ ನಾಲ್ಕು ಭಾಷೆ ಬರತ್ತೆ.

ಮತ್ತೆ ಈಗ ಫೋನಿಗೆ ಮಾತಾಡಿದ್ರೆ ಅದೇ ತರ್ಜುಮೆ ಮಾಡತ್ತೆ. ಇನ್ನು ಕೆಲವು ವರ್ಷದಲ್ಲಿ ನಿಮಗೆಲ್ಲ ಓದೋಕೆ ಬೇಕಾದಷ್ಟು ಟೈಮ್ ಸಿಗತ್ತೆ ಬಿಡಿ.

ನಡುವಿನವಳು

ಖಾರಾಬಾತ್ ಅವರೇ, ಮೊಬೈಲು ನನ್ನ ಹತ್ರಾನೂ ಇದೆ, ಅದರ ಪಾಲಿನ ಪಾಪ ಅದಕ್ಕಿರಲಿ. ಆಟೋ ಅಣ್ಣಂದಿರಿಗೆ ನಾಲ್ಕು ಭಾಷೆ ಬರತ್ತೆ, ಒಪ್ಪಿದೆ. ಆದ್ರೆ ಅವರು ಒಂದು ಹೊತ್ತಿಗೆ ಒಂದರಲ್ಲಿ ಇರ್ತಾರೆ, ಮಾತೂ ಅವರದೇ. ನಮ್ಮದು ಹಾಗಲ್ಲ. ಒಂದು ಕಿವಿಯಲ್ಲಿ ಈಗಿನ ವಾಕ್ಯ ಕೇಳ್ತಾ ಇರಬೇಕು, ಬಾಯಲ್ಲಿ ಹಿಂದಿನ ವಾಕ್ಯ ಹೇಳ್ತಾ ಇರಬೇಕು. ಉದಾಹರಣೆ ಕೊಡ್ತೀನಿ.

ಅದೇ ಶಾಮಿಯಾನದ ಸಭೆ. ಒಬ್ಬ ಅಜ್ಜ ಎದ್ದು ನಿಂತು ಹೇಳಿದ್ರು: "ನಮ್ಮಪ್ಪ ಇಟ್ಟಿದ್ದ, ನಾನೂ ಇಪ್ಪತ್ತು ವರ್ಷ ನೀರು ಕಟ್ಟಿ ಗೊಬ್ಬರ ಹಾಕಿ ಮಕ್ಕಳ ಹಂಗೆ ಸಾಕಿದ್ದ ತೋಟವ, ಹೋದ ವರ್ಷ ಬುಡಕ್ಕೆ ಕೊಡಲಿ ಇಟ್ಟು ಕಡಿಸಿದ್ದು ರೇಟು ಬಿತ್ತು ಅಂತ..." ಇಲ್ಲಿ ನಿಲ್ಲಿಸಿ ಟವೆಲ್ಲಿಂದ ಮುಖ ಒರೆಸಿಕೊಂಡ್ರು. ಆ ತಜ್ಞರು ನನ್ನ ಕಡೆ ನೋಡ್ತಿದಾರೆ. ಇಂಗ್ಲಿಷಿನಲ್ಲಿ ನಾನು ಶುರು ಮಾಡಲೇಬೇಕು, ಮಾಡಿದೆ: ಬೆಲೆ ಬಿತ್ತು ಅಂತ ತೋಟ ಕಡಿಸಿದರಂತೆ. ಅಜ್ಜ ಟವೆಲ್ ಹೆಗಲಿಗೆ ಹಾಕಿ ಮುಗಿಸಿದ್ರು: "...ಅಲ್ಲ."

ಕನ್ನಡದಲ್ಲಿ "ಅಲ್ಲ" ಬರೋದು ಎಲ್ಲ ಮುಗಿದ ಮೇಲೆ. ಕ್ರಿಯಾಪದವೂ ಹಾಗೇ, ಬಾಗಿಲಲ್ಲಿ ನಿಂತು ಎಲ್ಲರೂ ಹೋದಮೇಲೆ ಬರೋ ಯಜಮಾನನ ಹಾಗೆ. ಹನ್ನೊಂದು ವರ್ಷ ಆ ಕೊನೆಯ ಒಂದು ಪದಕ್ಕೆ ಉಸಿರು ಹಿಡಿದು ಕಾದಿದೀನಿ. ಮನೇಲಿ ಪುಸ್ತಕ ತೆಗೆದಾಗಲೂ ಪ್ರತಿ ಸಾಲಿಗೂ ಅದೇ ಉಸಿರು ಹಿಡಿಯೋದು. ಮೊಬೈಲ್ ಇಲ್ಲದಿದ್ದರೂ ಹಿಡೀತಿದ್ದೆ.

ನಾಲ್ಕನೇ ದಿನವೋ ಐದನೇ ದಿನವೋ, ಮಧ್ಯಾಹ್ನ, ಹೊದ್ದುಕೊಂಡು ಓದ್ತಿದ್ದೆ. ಅರ್ಧ ಪುಟ ಉದ್ದದ ಒಂದು ವಾಕ್ಯ. ನಡುವೆ ಎಲ್ಲೋ ನನ್ನ ಉಸಿರು ತಾನೇ ಬಿಟ್ಟುಹೋಯ್ತು. ಕ್ರಿಯಾಪದ ಬರ್ಲಿ, ಬರದಿದ್ರೂ ಬೇಡ, ಯಾರೂ ಕಾಯ್ತಿಲ್ಲ ಅನ್ನಿಸ್ತು. ಇದನ್ನ ಯಾರಿಗೂ ದಾಟಿಸಬೇಕಾಗಿಲ್ಲ. ಅಷ್ಟೇ ಸರ್, ನಾನು ಹೇಳಬೇಕಿದ್ದದ್ದು. ಬಣ್ಣ ಏನೂ ಇಲ್ಲ.

ಫೋನಿನ ತರ್ಜುಮೆಗೆ ನನ್ನ ವಿರೋಧ ಇಲ್ಲ. ಬಸ್ಸು, ರೂಮು, ಊಟ ಎಲ್ಲ ಆಗತ್ತೆ ಅದರಲ್ಲಿ. ಆದ್ರೆ ಟವೆಲ್ಲಿಗೆ ಕಾಯೋದು ಅದಕ್ಕೆ ಬರ್ಲಿ, ಆಮೇಲೆ ಮಾತಾಡೋಣ.

ಖಾರಾಬಾತ್

ಟವೆಲ್ ಚೆನ್ನಾಗಿದೆ. ಅರ್ಧ ಒಪ್ಪಿದೆ. ಇನ್ನರ್ಧ ಮೊಬೈಲೇ.

ಹಳೇ ದಾಖಲೆ

ಕ್ರಿಯಾಪದ ಕೊನೆಗೆ ಬರುವ ಸಂಕಟದ ಬಗ್ಗೆ ಒಂದು ಹಳೆಯ ಸಂಗತಿ. ನ್ಯೂರೆಂಬರ್ಗ್ ವಿಚಾರಣೆ ಶುರುವಾದದ್ದೂ ಹೀಗೇ ಚಳಿ ಕಾಲಿಟ್ಟ ಹೊತ್ತಿನಲ್ಲಿ, 1945ರ ನವೆಂಬರ್ 20ಕ್ಕೆ. ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್, ಹೀಗೆ ನಾಲ್ಕು ಭಾಷೆ ಒಟ್ಟಿಗೆ ನಡೆಯಬೇಕಿತ್ತು. ಒಬ್ಬರು ಮಾತಾಡಿ ನಿಲ್ಲಿಸಿ, ಆಮೇಲೆ ದುಭಾಷಿ ಹೇಳಿ, ಹೀಗೆ ಹೋದರೆ ವಿಚಾರಣೆ ಮುಗಿಯುವ ಲಕ್ಷಣವಿರಲಿಲ್ಲ. ಹಾಗಾಗಿ ಹೆಡ್‌ಫೋನು, ಗಾಜಿನ ಗೂಡು, ಮಾತಾಡುತ್ತಿರುವಾಗಲೇ ಭಾಷಾಂತರ. ಆ ಪದ್ಧತಿ ಅಷ್ಟು ದೊಡ್ಡ ಮಟ್ಟದಲ್ಲಿ ನಿಂತದ್ದು ಅಲ್ಲೇ. ತಂಡಕ್ಕೆ ಹನ್ನೆರಡು ಮಂದಿಯಂತೆ ಮೂರು ತಂಡ, 85 ನಿಮಿಷದ ಪಾಳಿ. ದುಭಾಷಿಗಳ ಕಡೆಯಿಂದ ಎರಡು ದೀಪ: ಹಳದಿ ಹೊತ್ತಿದರೆ ನಿಧಾನ ಮಾತಾಡಿ, ಕೆಂಪು ಹೊತ್ತಿದರೆ ನಿಲ್ಲಿಸಿ.

ಜರ್ಮನ್ ಭಾಷೆಯಲ್ಲೂ ಉದ್ದ ವಾಕ್ಯದ ಕ್ರಿಯಾಪದ ಎಷ್ಟೋ ಸಲ ಕೊನೆಗೇ ಬರುತ್ತದೆ. ಆರೋಪಿಯ ಬಾಯಿಂದ ಅದು ಹೊರಬರುವವರೆಗೆ ಇಂಗ್ಲಿಷ್ ಗೂಡಿನಲ್ಲಿ ಕೂತವರ ಗತಿ ನಿಮ್ಮ ಅಜ್ಜನ ಟವೆಲ್ಲಿನ ಗತಿಯೇ.

ನಮ್ಮ ಲೋಕಸಭೆಯಲ್ಲಿ ಇಂಗ್ಲಿಷ್-ಹಿಂದಿ ನಡುವೆ ಇಂಥ ಏಕಕಾಲದ ಭಾಷಾಂತರ ಬಂದದ್ದು 1964ರಲ್ಲಿ. ರಾಜ್ಯಸಭೆಯಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಸದಸ್ಯರು ಮಾತಾಡಬಹುದು ಎಂದಾದದ್ದು 2018ರಲ್ಲಿ. ಅಲ್ಲಿನ ಭಾಷಾಂತರದ ಪಟ್ಟಿಗೆ ಕೊನೆಗೆ ಸೇರಿದ ಐದು ಭಾಷೆಗಳಲ್ಲಿ ಕೊಂಕಣಿಯೂ ಒಂದು.

ಕರಾವಳಿ ಕರಿಕೋಟು (ಮಂಗಳೂರು)

ಕೊಂಕಣಿ ಬಂತು, ತುಳು ಬರ್ಲಿಲ್ಲ, ಎಂಟನೇ ಪರಿಚ್ಛೇದದ ಬಾಗಿಲಲ್ಲೇ ನಿಂತಿದೆ. ಇರಲಿ, ಆ ಜಗಳ ಬೇರೆ ದಿನಕ್ಕೆ.

ನಾನು ವಕೀಲ. ನಮ್ಮಲ್ಲಿ ಎಂತ ಉಂಟು ಅಂದ್ರೆ, ಸಾಕ್ಷಿ ಹೇಳುವವರು ತುಳು, ಬ್ಯಾರಿ, ಕೊಂಕಣಿ ಮಾತಾಡ್ತಾರೆ, ಕೋರ್ಟಿನ ಭಾಷೆ ಕನ್ನಡ, ಬರೆದುಕೊಳ್ಳುವುದು ಬಹಳ ಸಲ ಇಂಗ್ಲಿಷ್. ಪ್ರತ್ಯೇಕ ದುಭಾಷಿ ಯಾವಾಗಲೂ ಇರುವುದಿಲ್ಲ ಮಾರಾಯ್ರೇ. ಬೆಂಚ್ ಕ್ಲರ್ಕ್, ಎದುರು ವಕೀಲ, ಒಮ್ಮೊಮ್ಮೆ ನ್ಯಾಯಾಧೀಶರೇ ಆ ಕೆಲಸ ಮಾಡ್ತಾರೆ. ಕಾನೂನು ಮಾತ್ರ ಸ್ಪಷ್ಟ ಉಂಟು. 1969ರ ಪ್ರಮಾಣವಚನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಾಕ್ಷಿಯ ಹಾಗೆ ದುಭಾಷಿಯೂ ಪ್ರಮಾಣ ಮಾಡ್ಬೇಕು. ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 282ನೇ ಸೆಕ್ಷನ್‌ನಲ್ಲಿ ದುಭಾಷಿ ಸತ್ಯವಾದ ಭಾಷಾಂತರವನ್ನೇ ಹೇಳಲು ಬದ್ಧ ಅಂತಿತ್ತು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲೂ ಅದನ್ನ ಬಿಟ್ಟಿಲ್ಲ.

ಈಗ ಒಂದು ಕಥೆ, ಊರು ಹೆಸರು ಬಿಟ್ಟು. ಜಾಗದ ಕೇಸು. ಒಬ್ಬರು ಅಜ್ಜಿ ತುಳುವಿನಲ್ಲಿ ಸಾಕ್ಷಿ ಹೇಳ್ತಾ ಇದ್ರು. ತುಳುವಿನಲ್ಲಿ "ನಾವು" ಅನ್ನಲಿಕ್ಕೆ ಎರಡು ಪದ. "ನಮ" ಅಂದ್ರೆ ಕೇಳುವ ನೀನೂ ಸೇರಿ ನಾವು. "ಎಂಕುಲು" ಅಂದ್ರೆ ನೀನು ಬಿಟ್ಟು ನಾವು. ಎದುರು ಕಕ್ಷಿ ಅಜ್ಜಿಯ ತಮ್ಮನೇ. ಅಜ್ಜಿ ಅವನನ್ನು ನೋಡಿಕೊಂಡು "ಎಂಕುಲು ಆ ಗದ್ದೆ ಮಾಡ್ತಾ ಇದ್ದೆವು" ಎನ್ನುವ ಅರ್ಥದಲ್ಲಿ ಹೇಳಿದ್ರು. ಕನ್ನಡಕ್ಕೆ ಬಂದದ್ದು "ನಾವು ಗದ್ದೆ ಮಾಡುತ್ತಿದ್ದೆವು". ತಮ್ಮನೂ ಸೇರಿದನಲ್ಲ! ಪಾಟೀಸವಾಲಿನಲ್ಲಿ ಎದುರು ವಕೀಲರು ಅದನ್ನೇ ಹಿಡ್ಕೊಂಡ್ರು, "ನೀವೇ ಹೇಳಿದ್ದೀರಿ, ಒಟ್ಟಿಗೆ ಮಾಡುತ್ತಿದ್ದಿರಿ ಅಂತ". ಅಜ್ಜಿಗೆ ತಲೆಬುಡ ಅರ್ಥ ಆಗ್ಲಿಲ್ಲ. ಸರಿಮಾಡ್ಲಿಕ್ಕೆ ನನಗೆ ಅರ್ಧ ಗಂಟೆ ಹಿಡೀತು.

ಓದಿನ ವಿಷಯಕ್ಕೆ ನಾನೆಂತ ಹೇಳುದು? ವಕೀಲರು ಓದುವುದು ಫೀಸು ಕೊಟ್ಟರೆ ಮಾತ್ರ.

ನಡುವಿನವಳು

ಸರ್, ಆ "ಎಂಕುಲು" ನನ್ನ ತಲೆಯಿಂದ ಹೋಗ್ತಿಲ್ಲ. ನಮ್ಮ ಕನ್ನಡದ "ಅವರು" ಇದೆಯಲ್ಲ, ಅದೂ ಅಂಥದೇ ಗುಂಡಿ.

ನಾನೂ ಊರು, ಕಾಯಿಲೆ ಎರಡನ್ನೂ ಬದಲಿಸಿ ಹೇಳ್ತೀನಿ. ಒಬ್ಬ ಹೆಂಗಸು, ಐವತ್ತೈದರ ಹತ್ತಿರ. ಡಾಕ್ಟ್ರಿಗೆ ಕನ್ನಡ ಬರಲ್ಲ. ರಿಪೋರ್ಟ್ ನೋಡಿ ವಿಷಯ ಹೇಳಿದ್ರು, ನಾನು ಕನ್ನಡದಲ್ಲಿ ಹೇಳಿದೆ. ಆಕೆ ಸೆರಗನ್ನ ಬೆರಳಿಗೆ ಸುತ್ಕೊಂಡು, ಬಿಚ್ಚಿ, ಮತ್ತೆ ಸುತ್ಕೊಂಡು ಅಂದ್ರು: "ಅವರಿಗೆ ಹೇಳಬೇಡಿ ಡಾಕ್ಟ್ರೇ." ಹೊರಗೆ ಗಂಡ, ಇಬ್ಬರು ಗಂಡುಮಕ್ಕಳು ಕೂತಿದಾರೆ. ಇಂಗ್ಲಿಷಿನಲ್ಲಿ ನಾನು "ಅವನಿಗೆ" ಅನ್ನಬೇಕಾ, "ಅವರೆಲ್ಲರಿಗೆ" ಅನ್ನಬೇಕಾ? ನಮ್ಮ ಕೆಲಸದಲ್ಲಿ ಊಹೆ ಮಾಡೋ ಹಾಗಿಲ್ಲ. "ಅವರಿಗೆ ಅಂದ್ರೆ ಯಾರಿಗಮ್ಮಾ?" ಅಂತ ಕೇಳಿದೆ. ಆಕೆ ನನ್ನನ್ನು ಪೆದ್ದಿ ಅನ್ನೋ ಹಾಗೆ ನೋಡಿ, "ಅವರಿಗೆ ಅಂದ್ರೆ ಅವರಿಗೇ" ಅಂದ್ರು. ನಾಚಿಕೆ ಬೇರೆ. ಗೊತ್ತಾಯ್ತು, ಅವರು ಅಂದ್ರೆ ಗಂಡ.

ಈಗ ಓದ್ತಿರೋ ಕಾದಂಬರಿಯಲ್ಲೂ ಒಬ್ಬಳು ಬರ್ತಾಳೆ. ಎಂಟ್ಹತ್ತು ಪುಟ "ಅವರು ಬರ್ತಾರೆ", "ಅವರು ಸಿಟ್ಟಾಗ್ತಾರೆ" ಅಂತಲೇ ಇರ್ತಾಳೆ. ನನ್ನ ಕೈ ಪೆನ್ಸಿಲ್ ತಗೊಂಡು ಪುಟದ ಪಕ್ಕ ಪ್ರಶ್ನೆ ಚಿಹ್ನೆ ಹಾಕಿಬಿಟ್ಟಿತು, ಯಾರು? ಒಬ್ಬರಾ, ಹಲವರಾ? ಅಪ್ಪನ ಪುಸ್ತಕ! ಅಳಿಸಿದೆ. ಆಮೇಲೆ ಗೊತ್ತಾಗದೆ ಇರೋದೇ ಒಂಥರ ಹಿತವಾಯ್ತು. ಮಾವನೋ, ಗಂಡನೋ, ಊರೋ, ದೆವ್ವವೋ. ನಾಲ್ವತ್ತು ಪುಟ ಹಾಗೇ ಬಿಟ್ಟುಕೊಂಡು ಓದಿದೆ. ಆಸ್ಪತ್ರೆಯಲ್ಲಿ ನನಗೆ ನಾಲ್ಕು ಸೆಕೆಂಡ್ ಸಿಗತ್ತೆ.

ಎಡಿಸನ್ ಕನ್ನಡಿಗ (ನ್ಯೂಜೆರ್ಸಿ)

ನಡುವಿನವಳು ಅವರಿಗೆ ಬೇಗ ಗುಣವಾಗಲಿ. ನಾನು ಇಲ್ಲಿ ಫೋನ್ ದುಭಾಷಿ, ಮನೆಯಿಂದಲೇ. ಕನ್ನಡ, ಹಿಂದಿ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಯ್ತು ಅಂದ್ರೆ ಮುಗೀತು, ಸಂಜೆ ಐದಕ್ಕೆ ಮೊದಲೇ ಕತ್ತಲು. ಕಿಟಕಿ ಹೊರಗೆ ಎಲೆ ಉದುರಿದ ಮರ, ಒಳಗೆ ಹೀಟರಿನ ಗೊಯ್ ಸದ್ದು, ಕಿವಿಗೆ ಹೆಡ್‌ಸೆಟ್.

ಹಿಂದಿ ಕರೆ ದಿನವಿಡೀ. ಕನ್ನಡದ ಕರೆ ವಾರಕ್ಕೆ ಒಂದೋ ಎರಡೋ. ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು, ಎಮರ್ಜೆನ್ಸಿ ವಾರ್ಡು, ಮಗ ಆಫೀಸಲ್ಲಿ. ಇಲ್ಲಿ ನಮಗೆ ಹೆಸರಿಲ್ಲ, ನಂಬರು. "ನಾನು ಕನ್ನಡ ದುಭಾಷಿ, ನನ್ನ ನಂಬರ್ ಇಷ್ಟು" ಅಂತ ಹೇಳಿ ಶುರು. ಅಷ್ಟು ಹೇಳಿದ್ದೇ ತಡ, ಆ ಕಡೆಯ ಅಜ್ಜಿ ನರ್ಸ್ ಪ್ರಶ್ನೆ ಬಿಟ್ಟು "ಯಾವೂರಪ್ಪ ನೀನು? ಊಟ ಆಯ್ತಾ?" ಅಂತ ಕೇಳ್ತಾರೆ. ನಿಯಮ ಏನು ಗೊತ್ತಾ? ನಾನು ಉತ್ತರ ಕೊಡೋ ಹಾಗಿಲ್ಲ. ಅದನ್ನೂ ಇಂಗ್ಲಿಷಿಗೆ ತಿರುಗಿಸಿ ನರ್ಸಿಗೆ ಹೇಳಬೇಕು: ನೀನು ಯಾವ ಊರಿನವನು, ಊಟ ಮಾಡಿದೆಯಾ ಅಂತ ದುಭಾಷಿಯನ್ನ ಕೇಳ್ತಿದಾರೆ. ಒಂದು ಸಲ ಒಬ್ಬ ನರ್ಸ್ ನಕ್ಕು, "ಪರವಾಗಿಲ್ಲ, ಹೇಳಿ" ಅಂದಳು. ಶಿರಸಿ ಕಡೆ ಅಮ್ಮಾ, ಊಟ ಆಗಿಲ್ಲ ಅಂದೆ. ಕರೆ ಮುಗಿದ ಮೇಲೆ ಐದು ನಿಮಿಷ ಹೆಡ್‌ಸೆಟ್ ತೆಗೆದಿಟ್ಟು ಕೂತಿದ್ದೆ.

ಇಡೀ ದಿನ ನನ್ನ ಬಾಯಲ್ಲಿ "ನಾನು" ಅಂದ್ರೆ ಬೇರೆಯವರು. ನನಗೆ ಎದೆನೋವು, ನಾನು ಗರ್ಭಿಣಿ, ನಾನು ಕಂತು ಕಟ್ಟಿಲ್ಲ. ಸಂಜೆ ಹೆಂಡತಿ "ಏನಾಯ್ತು ಇವತ್ತು?" ಅಂದ್ರೆ "ನಾನು" ಅಂತ ಶುರು ಮಾಡಿ ತಡವರಿಸಿದ್ದೂ ಇದೆ. ಕೇಳಿದ್ದನ್ನ ಮನೇಲಿ ಹೇಳೋ ಹಾಗೂ ಇಲ್ಲ, ಗೌಪ್ಯ.

ಓದಿಗೆ ನಾನು ಮರಳಿದ್ದು ಚಳಿಯ ದೆಸೆಯಿಂದ. ಕತ್ತಲಾದ ಮೇಲೆ ಹೊರಗೆ ಹೋಗಲಾಗದು. ಊರಿಂದ ತಂದ ಪುಸ್ತಕ ಒಂಬತ್ತೇ, ತೂಕದ ಲೆಕ್ಕ ಹಾಕಿ ತಂದದ್ದು. ಅದನ್ನೇ ಸುತ್ತಿ ಸುತ್ತಿ ಓದ್ತೀನಿ. ಮೊದಲು ಜೋರಾಗಿ ಓದ್ತಿದ್ದೆ, ಮಗಳಿಗೆ ಕೇಳಲಿ ಅಂತ. ಅವಳು "ಅಪ್ಪಾ, ಇಸ್ ದಿಸ್ ಎ ಕಾಲ್?" ಅಂದಳು. ಈಗ ಮನಸ್ಸಲ್ಲೇ.

ಕೆಲಗೇರಿ ಕೆರಿ

ತಮ್ಮಾ, ಶಿರಸಿಯವರಿಗೆ ನಾವು ಊಟ ಆತೇನು ಅಂತ ಕೇಳಿದ್ರ ಆಗಿಲ್ಲ ಅನ್ನಬ್ಯಾಡಪಾ, ಆ ಮುದುಕಿ ರಾತ್ರಿಯೆಲ್ಲ ನಿದ್ದಿ ಮಾಡಿರೂದಿಲ್ಲ.

ಪುಸ್ತಕದ ಕಪಾಟು (ತುಮಕೂರು ಜಿಲ್ಲೆ)

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕ. ಈಗ ಅರಿವು ಕೇಂದ್ರ ಅಂತ ಬೋರ್ಡು ಬದಲಾಗಿದೆ, ಬೀರು ಅದೇ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಇತ್ತು, ಅದರ ಓಡಾಟ ಮುಗಿಸಿ ಇದನ್ನ ಈಗ ಓದ್ತಿದೀನಿ.

ಓದು ಬಿಟ್ಟು ಮರಳಿ ಬರೋರನ್ನ ನಾನು ಬಹಳ ನೋಡಿದೀನಿ ಮೇಡಂ. ಅವರು ಬಂದ ತಕ್ಷಣ ದಪ್ಪ ಪುಸ್ತಕ ಕೇಳ್ತಾರೆ, ಹಿಂದೆ ಓದಿದ ಮಟ್ಟಕ್ಕೇ ಕೂರಬೇಕು ಅಂತ. ಎರಡೇ ವಾರಕ್ಕೆ ಪುಸ್ತಕ ವಾಪಸ್ಸು, ಮನುಷ್ಯ ನಾಪತ್ತೆ. ನಾನು ಕೊಡೋದು ಪ್ರವಾಸ ಕಥನ, ಇಲ್ಲಾ ಅಡುಗೆ ಪುಸ್ತಕ. ನಗಬೇಡಿ. ಊರಿನ ಒಬ್ಬ ನಿವೃತ್ತ ಕಂಡಕ್ಟರ್ ಅಡುಗೆ ಪುಸ್ತಕದಿಂದಲೇ ಶುರು ಮಾಡಿ ಈಗ ಇತಿಹಾಸದ ಬೀರು ಪೂರ್ತಿ ಮುಗಿಸಿದ್ದಾರೆ. ಚಳಿಗಾಲದಲ್ಲಿ ಬೆಳಿಗ್ಗೆ ಬಾಗಿಲು ತೆಗೆಯೋ ಮೊದಲೇ ಬಂದು ಮೆಟ್ಟಿಲ ಮೇಲೆ ಬಿಸಿಲು ಕಾಯಿಸ್ತಾ ಕೂತಿರ್ತಾರೆ, ಮಫ್ಲರ್ ಸುತ್ಕೊಂಡು.

ಬೆಂಗಳೂರಲ್ಲಿದ್ರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯಕ್ಕೆ ಹೋಗಿ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, 1915ರದ್ದು. ಗಂಟಲು ಸರಿಹೋಗುವವರೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಅಲ್ಲಿ ಮಾತಾಡಬೇಡಿ ಅಂತ ಎಲ್ಲರಿಗೂ ಹೇಳ್ತಾರೆ.

ಖಾರಾಬಾತ್

ಅರಿವು ಕೇಂದ್ರದ ಸಾರ್, ಅಡುಗೆ ಪುಸ್ತಕದ ಐಡಿಯಾ ನನಗೆ. ಹಿತಕಿದ ಬೇಳೆಗೆ ಎಷ್ಟು ಹೊತ್ತು ನೆನೆಸಬೇಕು ಅಂತ ಅದರಲ್ಲಿ ಇರತ್ತಾ?

ನಡುವಿನವಳು

ಅದಕ್ಕೆ ಪುಸ್ತಕ ಯಾಕೆ, ಅತ್ತೆ ಇದಾರೆ. ಅವರು ಹೇಳೋದು: ಬಿಡಿಸಿದ ಕಾಳು ಸಂಜೆ ನೀರಿಗೆ ಹಾಕಿ, ಬೆಳಿಗ್ಗೆ ಹಿತಕಿ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಠಣ್ಣಂತ ಹಾರಬೇಕು, ಗೋಡೆಗೆ ಬಡಿಯಬೇಕು. ಹಾರದಿದ್ರೆ ಇನ್ನೂ ನೆನೀಬೇಕು. (ಇದನ್ನ ಬದಲಿಸದೆ ದಾಟಿಸಿದೀನಿ. ಅವರೆಕಾಯಿಯವನಿಗೆ ಆದ ಅನ್ಯಾಯ ನಿಮಗೆ ಆಗಬಾರದು.)

ಹತ್ತು ದಿನ ನಿನ್ನೆಗೆ ಮುಗೀತು. ಇವತ್ತು ಕೋರ್ಟಿಗೆ ಹೋಗಿದ್ದೆ. ಬಿಹಾರದಿಂದ ಬಂದ ಒಬ್ಬ ಸೆಂಟ್ರಿಂಗ್ ಕೆಲಸದ ಹುಡುಗ ಸಾಕ್ಷಿ. ದನಿ ಇನ್ನೂ ಗೊಗ್ಗರು. ಸಾಕ್ಷಿ ಹೇಳಿದ್ದನ್ನ ಕನ್ನಡದಲ್ಲಿ ಹೇಳ್ತಿದ್ರೆ ಸ್ಟೆನೋ ಎರಡು ಸಲ ತಲೆ ಎತ್ತಿ ನೋಡಿದ್ರು, ಮಾತಾಡ್ತಿರೋದು ನಾನೇನಾ ಅಂತ. ಹುಡುಗ "ಪರ್ಸೋಂ" ಅಂದ. ಹಿಂದಿಯಲ್ಲಿ ಅದು ಮೊನ್ನೆಯೂ ಹೌದು, ನಾಡಿದ್ದೂ ಹೌದು. ಕ್ರಿಯಾಪದಕ್ಕೆ ಕಾದೆ. ಬಂತು. ಮೊನ್ನೆ.

ಆಮೇಲೆ ಎದುರು ವಕೀಲರು ಬಂದಿಲ್ಲ ಅಂತ ಮೂರು ಗಂಟೆವರೆಗೆ ಬೆಂಚು. ಬ್ಯಾಗಲ್ಲಿ ಪುಸ್ತಕ ಇತ್ತು. ಕಾರಿಡಾರಿನಲ್ಲಿ ಹೆಸರು ಕೂಗೋ ಸದ್ದು, ಬೂಟು, ಕಾಫಿ ಲೋಟ, ಯಾರದೋ ಮಗು ಅಳು. ಹದಿನೆಂಟು ಪುಟ ಆಯ್ತು. ತುಟಿ ಅಲ್ಲಾಡಿತಾ ಗೊತ್ತಿಲ್ಲ, ನೋಡೋಕೆ ಅತ್ತೆ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಆ ಹುಡುಗ ಪುಸ್ತಕದ ಕಡೆ ಕೈ ತೋರಿಸಿ, ಇದರಲ್ಲಿ ಏನು ಬರ್ದಿದೆ ದೀದಿ ಅಂತ ಹಿಂದಿಯಲ್ಲಿ ಕೇಳಿದ. ಬಾಯಿ ತೆಗೆದೆ. ಹೇಳೋಕೆ ಹೊರಟದ್ದು ಬೇರೆ, ಹೇಳಿದ್ದು ಬೇರೆ: "ಒಬ್ಬಳಿದಾಳೆ. ಅವರು ಬರ್ತಾರೆ ಅಂತ ಕಾಯ್ತಿದಾಳೆ." "ಕೌನ್?" ಅಂದ. ಗೊತ್ತಿಲ್ಲ, ಇನ್ನೂ ಅಲ್ಲಿಗೆ ಬಂದಿಲ್ಲ ಅಂದೆ.

ಎಡಿಸನ್ ಅಣ್ಣ, ನಿಮ್ಮ ಒಂಬತ್ತರಲ್ಲಿ ಯಾವುದಾದ್ರೂ ಎರಡು ಪ್ರತಿ ಇ‌ದ್ರೆ ಹೇಳಿ, ನನ್ನ ಹತ್ರ ಇರೋದು ಬೇರೆ ಕಳಿಸ್ತೀನಿ. ಅಪ್ಪನ ಪುಸ್ತಕ ಮಾತ್ರ ಕೊಡಲ್ಲ. ಕೊಡೋ ಸ್ಥಿತಿಯಲ್ಲೂ ಇಲ್ಲ: ಇವತ್ತು ಸಂಜೆ ಬಂದು ಮೇಜಿನ ಮೇಲೆ ಇಟ್ಟು ಮುಖ ತೊಳೆಯೋಕೆ ಹೋಗಿದ್ದೆ. ನಾನು 112ನೇ ಪುಟಕ್ಕೆ ಬಸ್ಸಿನ ಸೊನ್ನೆ ರೂಪಾಯಿ ಟಿಕೆಟ್ ಸಿಕ್ಕಿಸಿದ್ದೆ. ಬಂದು ನೋಡಿದ್ರೆ ಟಿಕೆಟ್ ನೆಲದ ಮೇಲೆ, ಪುಸ್ತಕ ಅತ್ತೆಯ ಕೋಣೆಯಲ್ಲಿ, ಲೈಟು ಉರೀತಿದೆ. "ಆ ಅವರು ಯಾರು ಅಂತ ನಂಗೆ ಗೊತ್ತಾಯ್ತು" ಅಂತ ಒಳಗಿಂದಲೇ ಕೂಗಿದ್ರು. ಹೇಳಬೇಡಿ ಅಂತ ಕೂಗೋಕೆ ಹೋದೆ. ದನಿ ಬರ್ಲಿಲ್ಲ. ಸ್ಲೇಟು ಹುಡುಕ್ತಿದೀನಿ.